ಇದು ಎಂತದು ಅಂತ ಕೇಳಿದವರಿಗೆ

ಪ್ರದರ್ಶನ ಅಂತ ಎಲ್ಲಿ ಇಟ್ಟರೂ ನಮಗೆ ಇಂಥದ್ದೊಂದು ಆಗದೆ ಇರುವುದಿಲ್ಲ. ನಾವು ಮೂವರು. ಒಬ್ಬಳು ಫೋಟೊ ತೆಗೆಯುತ್ತಾಳೆ. ಇನ್ನೊಬ್ಬ ಫೈಬರಿನಲ್ಲಿ ಆಳೆತ್ತರದ ಮನುಷ್ಯರನ್ನು ಮಾಡುತ್ತಾನೆ. ನಾನು ಪೇಂಟಿಂಗ್ ಮಾಡುತ್ತೇನೆ. ಅದರಲ್ಲಿ ಮನುಷ್ಯ, ಮರ, ಆನೆ ಏನೂ ಇರುವುದಿಲ್ಲ, ಬಣ್ಣ ಮಾತ್ರ. ಹೋದ ವರ್ಷ ಎಲ್ಲವನ್ನೂ ಗೂಡ್ಸ್ ಗಾಡಿಗೆ ಹೇರಿಕೊಂಡು ಮೂರು ಊರು ಸುತ್ತಿದೆವು.

ತೀರ್ಥಹಳ್ಳಿ: ದೊಡ್ಡ ಮುಖ

ಕೋಣಂದೂರು ಸಂತೆಯಲ್ಲಿ ಸೌತೆಕಾಯಿ ಮಾರುವ ಅಜ್ಜಿಯೊಬ್ಬರ ಮುಖವನ್ನು ನಮ್ಮ ಗೆಳತಿ ತೆಗೆದಿದ್ದಳು. ಕಪ್ಪು-ಬಿಳುಪು, ಗೋಡೆಯ ಅರ್ಧದಷ್ಟು ದೊಡ್ಡದು, ಒಂದೊಂದು ಸುಕ್ಕೂ ಎದ್ದು ಕಾಣುತ್ತಿತ್ತು. ಯಾರೋ ಹೇಳಿರಬೇಕು, ಎರಡನೇ ದಿನ ಅಜ್ಜಿಯೇ ಬಂದರು. ಗೆಳತಿ ನನ್ನ ಹಿಂದೆ ಸರಿದಳು. ಕೇಳಿಯೇ ತೆಗೆದಿದ್ದಳು, ಆದರೆ ಇಷ್ಟು ದೊಡ್ಡದು ಮಾಡುತ್ತೇನೆಂದು ಹೇಳಿರಲಿಲ್ಲ. ಅಜ್ಜಿ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹತ್ತಿರ ಹೋದರು, ಹಿಂದೆ ಬಂದರು. ಬೇಜಾರಾಯ್ತಾ ಅಂತ ಇವಳು ಮೆಲ್ಲಗೆ ಕೇಳಿದಳು.

"ಬೇಜಾರೆಂತದು ಮಗಾ. ಮುಖ ಇಷ್ಟು ದೊಡ್ದಾಗಿ ತೆಗ್ದಿದ್ದೀಯ, ಸೌತೆಕಾಯಿ ಒಂದೂ ಕಾಣ್ತಿಲ್ಲ. ವ್ಯಾಪಾರ ಹೆಂಗಾಗ್ತದೆ?"

ಹೊಸನಗರ: ಕಾಯುವವರು

ಗೆಳೆಯನ ಶಿಲ್ಪದ ಹೆಸರು 'ಕಾಯುವವರು'. ಒಂದು ಉದ್ದ ಬೆಂಚು, ಅದರ ಮೇಲೆ ಫೈಬರಿನ ನಾಲ್ಕು ಜನ, ಕೊನೆಯಲ್ಲಿ ಒಬ್ಬರಿಗಾಗುವಷ್ಟು ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಅರ್ಥ ಇರೋದು ಅಂತ ಅವನು ಹೇಳುತ್ತಿದ್ದ. ಯಾರೂ ಅದರ ಎದುರು ನಿಲ್ಲುತ್ತಿರಲಿಲ್ಲ ಅಂತ ಬೇಸರವೂ ಇತ್ತು.

ಒಂದು ಮಧ್ಯಾಹ್ನ, ಪಕ್ಕದ ತಾಲ್ಲೂಕು ಆಫೀಸಿನ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಒಳಗೆ ಬಂದು, ಅದೇ ಜಾಗದಲ್ಲಿ ಕೂತು, ತಲೆ ವಾಲಿಸಿ ನಿದ್ದೆ ಹೋದರು. ಎಬ್ಬಿಸೋಣ ಅಂದೆ. ಪಾಪ, ಸುಸ್ತಾಗಿರಬೇಕು, ಇರಲಿ ಬಿಡು ಅಂದ ಗೆಳೆಯ.

ಅಷ್ಟರಲ್ಲಿ ಕಾಲೇಜಿನ ಹುಡುಗಿಯರು ತಮ್ಮ ಲೆಕ್ಚರರ್ ಜೊತೆ ಬಂದರು. ಐದನೆಯವರೇ ಎಲ್ಲರಿಗಿಂತ ಚೆನ್ನಾಗಿ ಬಂದಿದ್ದಾರೆ ಅಂತ ಮಾತಾಯಿತು. ಉಗುರಿನ ಮಣ್ಣನ್ನೂ ಬಿಟ್ಟಿಲ್ಲ ಅಂತ ಒಬ್ಬಳು ತೋರಿಸಿದಳು. ಲೆಕ್ಚರರ್ ಕನ್ನಡಕ ಸರಿ ಮಾಡಿಕೊಂಡು, ಬಗ್ಗಿ, ಮುಖದ ಹತ್ತಿರ ಮುಖ ತಂದರು.

ಹಿರಿಯರು ಒಂದು ಕಣ್ಣು ಬಿಟ್ಟು ಕೇಳಿದರು: "ಸಾಹೇಬ್ರು ಬಂದ್ರಾ?"

ಸಾಗರ: ಅಮ್ಮ

ಮಗ ಏನು ಮಾಡ್ತಾನೆ ಅಂತ ನೆಂಟರು ಕೇಳಿದರೆ ಅಮ್ಮ ಬಣ್ಣದ ಕೆಲಸ ಅನ್ನುತ್ತಿದ್ದಳು. ಕೆಲವರು ಮನೆಗೆ ಸುಣ್ಣ-ಬಣ್ಣ ಮಾಡಿಸಲು ನನಗೆ ಫೋನ್ ಮಾಡಿದ್ದೂ ಉಂಟು. ನನ್ನ ಚಿತ್ರಗಳ ಬಗ್ಗೆ ಅವಳು ಒಳ್ಳೆಯದು, ಕೆಟ್ಟದ್ದು ಏನೂ ಹೇಳಿದವಳಲ್ಲ. ಸಾಗರದ ಗ್ಯಾಲರಿಗೆ ಮೊದಲ ಸಲ ಬಂದಳು.

ಬಂದವರೆಲ್ಲ ಇದರ ಅರ್ಥ ಏನು ಅಂತ ನನ್ನನ್ನು ಕೇಳುತ್ತಿದ್ದರು. ನಿಮಗೆ ಅನಿಸಿದ್ದೇ ಅರ್ಥ ಅನ್ನುತ್ತಿದ್ದೆ. ಅವರು ಮುಖ ಸಣ್ಣ ಮಾಡಿಕೊಂಡು ಮುಂದೆ ಹೋಗುತ್ತಿದ್ದರು.

ಟೀ ಕುಡಿದು ಬರುವಷ್ಟರಲ್ಲಿ ನನ್ನ ಗೋಡೆಯ ಮುಂದೆ ಗುಂಪು ಸೇರಿತ್ತು. ನಡುವೆ ಅಮ್ಮ, ಒಂದೊಂದು ಚಿತ್ರಕ್ಕೂ ಅರ್ಥ ಹೇಳುತ್ತಿದ್ದಳು. ಹಳದಿ ಚಿತ್ರ ನನಗೆ ಕಾಮಾಲೆ ಆಗಿದ್ದಾಗಿನದಂತೆ. ಪಕ್ಕದ ಕೆಂಪು ನನ್ನ ಸೋದರತ್ತೆಯ ಸಿಟ್ಟಂತೆ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಮಾಲೆ ಆಗಿದ್ದು ನನಗಲ್ಲ, ತಮ್ಮನಿಗೆ ಅಂತ ಹೇಳಲು ಬಾಯಿ ತೆರೆದೆ. ಎದುರಿದ್ದವರೊಬ್ಬರು ತಿರುಗಿ, "ಸ್ವಲ್ಪ ಸುಮ್ನಿರಿ, ಗೊತ್ತಿದ್ದೋರು ಹೇಳ್ತಿದಾರೆ" ಅಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, ಇಷ್ಟು ವರ್ಷ ನನ್ನ ಚಿತ್ರ ನಿನಗೆ ಅರ್ಥ ಆಗ್ತಿತ್ತಾ ಅಂತ.

"ಯಂಗೆಂತ ಗೊತ್ತಿದ್ದು ಮಾರಾಯ, ಯಂಗೆ ಎಂತದೂ ಅರ್ಥ ಆಗ್ತಿಲ್ಲೆ" ಅಂದಳು ನಮ್ಮ ಮನೆಮಾತಿನಲ್ಲಿ. "ಪಾಪ, ಬಂದವ್ರೆಲ್ಲ ಕೇಳ್ತಾ ಇದ್ರು. ನಿಂಗೂ ಗೊತ್ತಿಲ್ಲೆ ಅಂತ ಕಂಡ್ತು. ಯಾರಾದ್ರೂ ಒಬ್ರು ಹೇಳದು ಬ್ಯಾಡ್ದಾ?"