ಕಾರ್ಟ್ರಿಜ್ ಪಕ್ಷದ ಚಿಕ್ಕಪ್ಪ

ಡಿಸ್ಕಿನ ಹೊಳೆಯುವ ಮೈಮೇಲೆ ಮೂರು ಬೆರಳಿನ ವಿಭೂತಿ. ನಡುವಿನ ತೂತಿನ ಪಕ್ಕ ಒಂದು ಕುಂಕುಮದ ಬೊಟ್ಟು.

ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ನಮ್ಮ ಚಿಕ್ಕಪ್ಪ ವಿಡಿಯೋ ಗೇಮನ್ನೂ ಕೂರಿಸಿದ್ದರು. ಜನ ಜಾತಿಗೆ, ಜಮೀನಿಗೆ ಜಗಳಾಡುತ್ತಾರೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಈ ಮನುಷ್ಯ ಜಗಳಾಡುವುದು ಕಾರ್ಟ್ರಿಜ್‌ಗಾಗಿ ಮಾತ್ರ! ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಆಟ. ಚಿಕ್ಕಮ್ಮನದು ಡಿಸ್ಕ್ ಪಕ್ಷ. ವಿಭೂತಿ ಬಿದ್ದದ್ದು ಅವರ ಒಂದು ಡಿಸ್ಕಿಗೆ. ಅದು ಆಮೇಲೆ ಓಡಲಿಲ್ಲ.

“ಚಿತ್ರ ಇರೋ ಕಡಿ ಹಚ್ಚಬೇಕಿತ್ತಲ್ರಿ?” ಎಂದರು ಚಿಕ್ಕಮ್ಮ.

“ಕಾರ್ಟ್ರಿಜ್‌ಗೂ ಹಚ್ಚೀನಿ, ಅದು ಏನರ ಅಂತೇನು? ಭಕ್ತಿನ ತಡಕೊಳ್ಳಲಾರದ್ದು ಬಳ್ಳಾರಿ ಧೂಳು ಏನ್ ತಡಕೊಂತೈತಿ?”

ಡಿಸ್ಕಿನಲ್ಲಿ ಸಿನಿಮಾದಂಥ ಚಿತ್ರ, ಹಾಡು, ಎಲ್ಲ ಹಿಡಿಸುತ್ತದೆ, ನಿಮ್ಮ ಡಬ್ಬಿಯಲ್ಲಿ ಬರೀ ಪೀಂ ಪೀಂ ಎನ್ನುವುದು ಚಿಕ್ಕಮ್ಮನ ವಾದ. “ನಿನ್ನ ಡಿಸ್ಕ್ ಶುರು ಆಗೂದ್ರಾಗ ನಾ ಕುರುಗೋಡಿಗೆ ಹೋಗಿ ಬಸಪ್ಪಗ ಕಾಯಿ ಒಡಿಸ್ಕೊಂಡು ಬರ್ತೀನಿ,” ಎನ್ನುವುದು ಚಿಕ್ಕಪ್ಪನ ಉತ್ತರ. ಎಲೆಕ್ಟ್ರಾನಿಕ್ಸ್ ಓದಿದವಳೆಂದು ತೀರ್ಪಿಗೆ ನನ್ನನ್ನು ಕರೆದರು. ಡಿಸ್ಕ್ ಅಗ್ಗ, ಹೆಚ್ಚು ಹಿಡಿಸುತ್ತದೆ. ಕಾರ್ಟ್ರಿಜ್ ತಕ್ಷಣ ಶುರುವಾಗುತ್ತದೆ, ಗೀರಿಗೆ ಹೆದರುವುದಿಲ್ಲ ಎಂದೆ. ಅವರಿಬ್ಬರೂ ಒಂದಾದದ್ದು ಅಂದೇ.

“ಓದಿದವರು ಹಿಂಗ ನೋಡು,” ಎಂದರು ಚಿಕ್ಕಮ್ಮ. “ಒಂದ್ ಕಡಿ ನಿಲ್ಲಂಗಿಲ್ಲ.”

“ಖರೇ ಅಂದಿ,” ಎಂದರು ಚಿಕ್ಕಪ್ಪ.

ಚಿಕ್ಕಪ್ಪನ ಕೊನೆಯ ಅಸ್ತ್ರ ಬೇರೆಯೇ. “ಡಿಸ್ಕಿಗೆ ನೆನಪಿಲ್ಲವ್ವಾ. ಆಟ ಎಲ್ಲಿಗೆ ಬಂದಿತ್ತು ಅಂತ ಬರಕೊಳ್ಳಾಕ ಬ್ಯಾರೆ ಕಾರ್ಡ್ ಬೇಕು. ನನ್ನದು ತನ್ನ ಹೊಟ್ಟ್ಯಾಗ ಇಟ್ಕೊಂತೈತಿ.”

ಇಟ್ಟುಕೊಂಡದ್ದೇನು? ಮದುವೆಯಾದ ವರ್ಷ ಇಬ್ಬರೂ ಸೇರಿ ಆಡಿ, ಕೊನೆಯ ಕೋಟೆಯ ಮುಂದೆ ನಿಲ್ಲಿಸಿದ ಒಂದು ಆಟ. ಪರದೆಯ ಮೇಲೆ ಎರಡು ಹೆಸರು, ಅಕ್ಕಪಕ್ಕ. ಒಬ್ಬರೇ ಮುಂದುವರಿಸಿದರೆ ಅದು ಅಳಿಸಿಹೋದೀತೆಂದು ಚಿಕ್ಕಪ್ಪ ಮತ್ತೆ ಆಡಿಯೇ ಇಲ್ಲ. ಭಾನುವಾರಕ್ಕೊಮ್ಮೆ ಹಚ್ಚುವುದು, ಹೆಸರು ನೋಡುವುದು, ಆರಿಸುವುದು. ಆಟವಾಡದ ಆಟಗಾರನನ್ನು ನೀವು ಕಂಡಿದ್ದೀರಾ?

ಒಳಗಿರುವ ಗುಂಡಿಯಂಥ ಬ್ಯಾಟರಿ ಸತ್ತರೆ ಹೆಸರುಗಳೂ ಹೋಗುತ್ತವೆ, ಬಿಚ್ಚಿ ಬದಲಾಯಿಸಿದರೂ ಹೋಗುವ ಭಯವಿದೆ ಎಂದು ಎಚ್ಚರಿಸಿದ್ದೆ.

“ಹೋಗೂದಾದ್ರ ತಾನ ಹೋಗ್ಲಿ. ನಾ ಕೈಯಾರೆ ತಗ್ಯಂಗಿಲ್ಲ.”

ಕಳೆದ ಭಾನುವಾರ ಹೆಸರುಗಳು ಹೋಗಿದ್ದವು. ಚಿಕ್ಕಪ್ಪ ಕಾರ್ಟ್ರಿಜ್ ತೆಗೆದು ಊದಿದರು, ಹಾಕಿದರು. ಮತ್ತೆ ತೆಗೆದು ಊದಿದರು. ಪರದೆ ‘ಹೊಸ ಆಟ’ ಎಂದಷ್ಟೇ ಹೇಳುತ್ತಿತ್ತು. ಚಿಕ್ಕಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

“ಕೊನೀ ಕೋಟಿ ಹೆಂಗೂ ದಾಟಿರಲಿಲ್ಲಲ್ರಿ. ಮೊದಲಿಂದ ಆಡೂಣು.”

“ನಿನಗ ಡಿಸ್ಕ್ ಐತಲ್ಲ?”

“ಅದು ಒಬ್ಬರು ಆಡೂದು,” ಎಂದರು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ಪೇಟೆಯಿಂದ ಹೊಸ ಬ್ಯಾಟರಿ ತಂದು ಬೆಸೆದೆ. ಉಳಿಯುತ್ತದೆಯೇ ಎಂದು ನನ್ನ ಹೆಸರು ಬರೆದು, ಆರಿಸಿ, ಮತ್ತೆ ಹಚ್ಚಿದೆ. ಉಳಿದಿತ್ತು. ಅದನ್ನು ಅಳಿಸಿ, ಎರಡೂ ಹೆಸರಿನ ಜಾಗ ಖಾಲಿ ಬಿಟ್ಟು, ಕೆಲಸಕ್ಕೆ ಹೊರಟೆ.