ಕಡ್ಡಿ ಬದಲಿಸೇನಿ, ಹೆಣಿಯೂದು ಬಿಟ್ಟಿಲ್ಲ

ಕಂಡಕ್ಟರ್ ಕೈಯಾಗ ಟಿಕೆಟ್ ಮಶೀನ್ ಇದ್ರ ಯಾರೂ ಹೊಳ್ಳಿ ನೋಡೂದಿಲ್ಲ. ಅದ ಕೈಯಾಗ ಉಲನ್ ದಾರ, ಎರಡು ಕಡ್ಡಿ ಕಂಡ್ರ ಮುಗೀತು, ಏನರ ಒಂದು ತಮಾಷಾ ಆಗೇ ತೀರತೈತಿ. ನನಗಂತೂ ವಾರಕ್ಕೊಂದು ಬಿಟ್ಟೂ ಬಿಡದ ಆಗಾಕತ್ತಾವ.

ನಾನು ಬಸ್ ಕಂಡಕ್ಟರ್. ಮನಿ ಸಿಂದಗ್ಯಾಗ. ನಮ್ಮ ಬಸ್ ಇಂಡಿ ಬಿಟ್ಟು ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಹಾಯ್ದು ಮುದ್ದೇಬಿಹಾಳ ಮುಟ್ಟತೈತಿ. ಸ್ಟ್ಯಾಂಡಿನಾಗ ಬಸ್ ನಿಂತಾಗ ಡ್ರೈವರ್ ಅಣ್ಣ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ನಿದ್ದಿ ಹೊಡೀತಾನ, ನಾ ಹೆಣಿತೇನಿ. ಅವನ ನಿದ್ದಿಗೆ ಯಾರೂ ಏನೂ ಅನ್ನೂದಿಲ್ಲ. ನನ್ನ ಹೆಣಿಗಿಗೆ ಮಾತ್ರ ಊರ ಮಂದಿಯೆಲ್ಲಾ ಬುದ್ಧಿ ಹೇಳಾಕ ಬರ್ತಾರ.

ಈ ಸಲ ಹೆಣಿಯಾಕ ಕುಂತದ್ದು ಸುಮ್ಕ ಅಲ್ಲ. ನಮ್ಮ ತಮ್ಮಗ ಲಗ್ನಾಗಿ ಭಾಳ ವರ್ಷದ ಮ್ಯಾಲ ಕೂಸು ಆಗೂದಿತ್ತು. ನಮ್ಮ ಮಂದ್ಯಾಗ ಕೂಸಿನ್ನ ತೊಟ್ಟಿಲಿಗೆ ಹಾಕೂ ದಿನ ಸೋದರತ್ತಿ ತಂದ ಕುಲಾಯಿನ ತಲಿಗೆ ಏರಬೇಕು, ಹೆಸರೂ ಆಕಿನ ಇಡಬೇಕು. ಆ ಸೋದರತ್ತಿ ನಾನು. ‘ಅಂಗಡೀದು ತರೂದಿಲ್ಲ, ನನ್ನ ಕೈಯಾರ ಹೆಣದ ಹಾಕ್ತೇನಿ’ ಅಂತ ನಾಕು ಮಂದಿ ಮುಂದ ಹೇಳಿಬಿಟ್ಟಿದ್ನಿ. ಅದ ಟೈಮಿಗೆ ಸರಿಯಾಗಿ ಕೈ ನೋಯಾಕ ಸುರು ಆತು. ಹೆಬ್ಬಟ್ಟಿನ ಬುಡಕ್ಕ ಹಿಡದದ್ದು ಮಣಿಕಟ್ಟಿನ ತನಕ ಜುಂ ಜುಂ ಅಂತಿತ್ತು. ನಾಕು ಸಾಲು ಹೆಣದ್ರ ಸಾಕು, ಬೆರಳು ಮಡಚಾಕ ಬರ್ತಿರ್ಲಿಲ್ಲ.

ಆದ್ರ ಆಡಿದ ಮಾತು ತಿರಗಿ ನುಂಗೂ ಜಾತಿ ನಂದಲ್ಲ.

ಕೂಸಿನ ತಪ್ಪೇನು?

ಇಂಡಿ ಬಸ್ ಸ್ಟ್ಯಾಂಡ್. ಬ್ಯಾಸಗಿ. ಬಸ್ಸಿನ ತಗಡು ಮುಟ್ಟಿದ್ರ ಚುರ್ ಅಂತಿತ್ತು. ಮಂದಿಯೆಲ್ಲಾ ಸೆರಗಿಲೆ, ಟಾವೆಲ್ಲಿಲೆ ಗಾಳಿ ಹಾಕ್ಕೋತ ಕುಂತಿದ್ರು. ನಾ ನನ್ನ ಸೀಟಿನ ಮ್ಯಾಲ ಕುಂತು ಹೆಣಿಯಾಕತ್ತಿದ್ನಿ. ಬಾಜೂ ಸೀಟಿನ ಮುದುಕಿ ಬಿಟ್ಟಗಣ್ಣಿಲೆ ನೋಡೇ ನೋಡಿದ್ಲು.

“ಯವ್ವಾ, ಅದೇನ ಮಾಡಾಕತ್ತಿ?”

“ಕುಲಾಯಿ ಹೆಣಿಯಾಕತ್ತೇನಿ ಆಯಿ.”

“ಉಲನ್‌ದು?”

“ಹೌದು, ಉಲನ್‌ದು.”

“ಯಾರಿಗೆ?”

“ನಮ್ಮ ತಮ್ಮನ ಕೂಸಿಗೆ.”

ಮುದುಕಿ ಕಿಡಿಕ್ಯಾಗಿಂದ ಹೊರಗ ಬಿಸಲ ನೋಡಿದ್ಲು, ಮೋತಿ ಮ್ಯಾಲಿನ ಬೆವರ ಒರಸ್ಕೊಂಡ್ಲು, ಹೊಳ್ಳಿ ನನ್ನ ನೋಡಿದ್ಲು. “ಅಲ್ಲ ಯವ್ವಾ, ಆ ಕೂಸ ನಿನಗ ಏನ ತಪ್ಪ ಮಾಡೇತಿ?”

ಕೂಸು ಹುಟ್ಟೂದು ಥಂಡಿ ದಿನದಾಗ, ನನ್ನ ಕೈ ನೋಯ್ತಾವು, ಅದಕ್ಕ ಈಗಿಂದ ಹಿಡದೇನಿ ಅಂತ ತಿಳಿಸಿ ಹೇಳೂದ್ರಾಗ ಬಸ್ ಬಿಡೂ ಹೊತ್ತಾತು. ಮುದುಕಿ ಇಳಿಯೂ ತನಕ ಮುಂದಿನ ಸೀಟಿನವ್ರಿಗೆ, ಹಿಂದಿನ ಸೀಟಿನವ್ರಿಗೆ ‘ಪಾಪ, ಕೂಸು’ ಅಂತ ಹೇಳಕೋತನ ಬಂದ್ಲು.

ಏನ ಬಿಡಬೇಕು?

ಕೈ ಬ್ಯಾನಿ ಹೆಚ್ಚಾತು ಅಂತ ಸಿಂದಗ್ಯಾಗ ದವಾಖಾನಿಗೆ ಹೋದ್ನಿ. ಡಾಕ್ಟರ್ ಕೈ ಒತ್ತಿ ನೋಡಿದ್ರು, ಬೆರಳು ಜಗ್ಗಿ ನೋಡಿದ್ರು.

“ಕೈಗೆ ಆರಾಮ ಬೇಕ್ರೆಕ್ಕಾ. ದಿನಾ ಈ ಕೈಲೆ ಏನೇನ ಮಾಡ್ತೀರಿ?”

“ಮುಂಜಾನೆದ್ದು ರೊಟ್ಟಿ ಬಡಿತೇನ್ರಿ. ಅರಬಿ ಒಗಿತೇನಿ. ಆಮ್ಯಾಲ ಹೊತ್ತು ಮುಣುಗೂ ತನಕ ಟಿಕೆಟ್ ಮಶೀನಿನ ಗುಂಡಿ ಒತ್ತೂದು. ನಡಕ ಟೈಮ್ ಸಿಕ್ರ ಇಷ್ಟು ಹೆಣಿತೇನ್ರಿ.”

“ಹಾಂ! ಅದ ನೋಡ್ರಿ. ಹೆಣಿಯೂದು ಬಂದ್ ಮಾಡ್ರಿ.”

ನನಗ ಸಿಟ್ಟು ನೆತ್ತಿಗೇರಿತು. “ಮತ್ತ ಟಿಕೆಟ್ ಮಶೀನ್ರಿ?”

“ಅದು ನೌಕರಿ. ಅದನ್ನ ಹೆಂಗ ಬಿಡ್ತೀರಿ?”

“ಅರಬಿ ಒಗಿಯೂದು?”

“ಅದು ಮನಿ ಕೆಲಸ ಅಲ್ರೀ.”

“ರೊಟ್ಟಿ? ದಪದಪ ಬಡಿಯೂದಕ್ಕ ಕೈ ಹಿಡಿಯೂದಿಲ್ಲೇನ್ರಿ?”

ಇಡೀ ದಿನದಾಗ ನನಗಂತ ನಾ ಮಾಡೂದು ಒಂದ ಒಂದು ಕೆಲಸ, ಬಿಡೂದಿದ್ರ ಅದನ್ನ ಮೊದ್ಲು ಬಿಡಬೇಕಂತ! ನಾ ಕುರ್ಚಿ ಬಿಟ್ಟು ಏಳ್ಲಿಲ್ಲ. “ನೋಡ್ರಿ ಡಾಕ್ಟರ್ ಸಾಹೇಬ್ರ, ಹೆಣಿಯೂದು ನಾ ಬಿಡಾಕಿ ಅಲ್ಲ. ರೊಟ್ಟಿ ಬಡಿಯೂದು ಬಿಡ್ತೇನಿ. ಹಂಗಂತ ಚೀಟಿ ಬರದು ಕೊಡ್ರಿ, ಮನ್ಯಾಗ ಗಂಡಗ ತೋರಿಸ್ತೇನಿ.”

ಡಾಕ್ಟರ್ ಬಾಗಲ ಕಡೆ ನೋಡಿ ದನಿ ಸಣ್ಣ ಮಾಡಿದ್ರು. “ಯವ್ವಾ, ಅಂಥಾ ಚೀಟಿ ನಾ ಒಂದು ಬರದ್ರ ನಾಳೆ ಊರ ಹೆಣ್ಮಕ್ಳೆಲ್ಲಾ ಇಲ್ಲಿ ಪಾಳಿ ಹಚ್ಚತಾರ. ಮೊದಲನೇ ನಂಬರಿಗೆ ನಮ್ಮ ಮನಿಯಾಕಿನ ನಿಂದರ್ತಾಳ. ಹೆಣೀರಿ, ನಿಮಗ ತಿಳದಂಗ ಹೆಣೀರಿ. ಕಡ್ಡಿ ಒಂಚೂರು ಚೊಲೋ ನೋಡಿ ತಗೋರಿ, ಹೋಗ್ರಿ.”

ಹೆಣದು ನೋಡಿ ತಗೋತೇನಿ

ಡಾಕ್ಟರ್ ಅಂಜಿ ಆಡಿದ ಮಾತು ಖರೆ ಇತ್ತು. ನನ್ನ ಕಡ್ಡಿ ಸ್ಟೀಲಿನವು, ಸಣ್ಣವು. ಸಣ್ಣ ಕಡ್ಡಿ ಬಿಗಿ ಹಿಡಿಬೇಕು, ಬಿಗಿ ಹಿಡದಷ್ಟು ಕೈ ನೋಯ್ತಾವು. ಮರುದಿನ ಇಂಡ್ಯಾಗ ಬಸ್ ನಿಂತಾಗ ಸ್ಟ್ಯಾಂಡಿನ ಎದುರಿನ ಬಳಿ ಅಂಗಡಿಗೆ ಹೋದ್ನಿ. ಬಳಿ, ಟಿಕಳಿ, ದಾರ, ಸೂಜಿ ಎಲ್ಲಾ ಅಲ್ಲೇ ಸಿಗ್ತಾವು.

ಅಂಗಡಿಯಾಂವ ಒಂದು ಜೋಡಿ ತಗದಿಟ್ಟ. “ಇದ ತಗೋರಿ ಅಕ್ಕಾರ. ಹೆಂಗ ಹೊಳಿತೈತಿ ನೋಡ್ರಿ.”

“ಹೊಳಿಯೂದು ತಗೊಂಡು ಕೊಳ್ಳಾಗ ಹಾಕ್ಕೋಲ್ಯಾ? ಹೆಣದು ನೋಡಿ ತಗೋತೇನಿ.”

“ಕಡ್ಡಿ ಯಾರ ಹೆಣದು ನೋಡಿ ತಗೋತಾರ್ರಿ?”

“ಚಪ್ಪಲ ಹಾಕ್ಕೊಂಡು ನೋಡ್ತೀರಿ, ಕಲ್ಲಂಗಡಿ ಕೊರದು ನೋಡ್ತೀರಿ, ಕಡ್ಡಿ ಏನ ಪಾಪ ಮಾಡೇತಿ? ಆ ಸ್ಟೂಲ್ ಇತ್ತ ಸರಸ್ರಿ.”

ಕುಂತ್ನಿ. ಚೀಲದಾಗಿನ ಉಲನ್ ತಗದು ಒಂದೊಂದ ಕಡ್ಡಿ ಮ್ಯಾಲ ನಾಕು ನಾಕು ಸಾಲು ಹೆಣದ್ನಿ. ಸ್ಟೀಲ್ ವಜ್ಜಿ, ಬ್ಯಾಡ. ಪ್ಲಾಸ್ಟಿಕ್ ಹಗರ, ಆದ್ರ ಬಿಸಲಿಗೆ ಇಟ್ಟಲ್ಲೇ ಡೊಂಕಾಗಿತ್ತು, ಬ್ಯಾಡ. ದಪ್ಪ ಕಟಗೀದು ಒಂದು ಕೈಗೆ ಹಿತಾ ಅನಸ್ತು. ಅಷ್ಟ್ರಾಗ ನಮ್ಮ ಬಸ್ಸಿನ ಮಂದಿ ‘ಕಂಡಕ್ಟರ್ ಎಲ್ಲಿ’ ಅಂತ ಹುಡಿಕ್ಕೋತ ಬಂದು ಅಂಗಡಿ ಸುತ್ತ ನಿಂತಬಿಟ್ರು. ಡ್ರೈವರ್ ಅಣ್ಣ ಅಲ್ಲಿಂದ ಹಾರ್ನ್ ಮ್ಯಾಲ ಹಾರ್ನ್ ಹೊಡಿಯಾಕತ್ತಿದ್ದ.

ಬಂದ ಮಂದಿ ಸುಮ್ಮನರ ನಿಂದರಬೇಕಲ್ಲ! ಒಬ್ಬೊಬ್ರು ಒಂದೊಂದ ಕಡ್ಡಿ ಕೈಯಾಗ ಹಿಡದು ನ್ಯಾಯ ಹೇಳಾಕ ಸುರು ಮಾಡಿದ್ರು. “ಇದು ಚೊಲೋ ಐತ್ರಿ ಅಕ್ಕಾರ.” “ಏ, ಅದರಾಗ ತಾಕತ್ ಇಲ್ಲ ಬಿಡೋ.” ಜೀವನದಾಗ ಒಂದು ಕುಣಿಕಿ ಹೆಣಿಲಾರದ ಗಂಡಸರು!

ರುಮಾಲ ಸುತ್ತಿದ ಮುದುಕಪ್ಪ ಒಬ್ಬ ಮಾತ್ರ ಬಾಯಿ ಬಿಟ್ಟಿರ್ಲಿಲ್ಲ. ಉದ್ದಂದೊಂದು ಸ್ಟೀಲ್ ಕಡ್ಡಿ ತಗೊಂಡು ಹಿಂದಿಂದ ಅಂಗಿಯೊಳಗ ಇಳಸಿದ. ಮ್ಯಾಲ ಕೆಳಗ ಎರಡು ಸಲ ಆಡಿಸಿದ. ಕಣ್ಣು ತಾವಾಗೇ ಮುಚ್ಚಿದ್ವು.

“ತಮ್ಮಾ, ನನಗ ಇದ ಕೊಡು,” ಅಂದ. “ಅಕ್ಕಾರು ಹೇಳೂದು ಖರೆ. ಮಾಡಿ ನೋಡೇ ತಗೋಬೇಕು.”

ಬೀಗತಿ ಫೋನು

ನಮ್ಮ ತಮ್ಮನ ಹೆಂಡ್ತಿ ತವರುಮನಿ ಮುದ್ದೇಬಿಹಾಳ. ಬಾಣಂತನ ಅಲ್ಲೇ, ತೊಟ್ಟಿಲೂ ಅಲ್ಲೇ. ಆಕಿ ಅವ್ವ, ಅಂದ್ರ ನಮ್ಮ ಬೀಗತಿ, ಒಂದಿನ ಫೋನ್ ಹಚ್ಚಿದ್ರು.

“ಕೈ ನೋವಂತಲ್ರೀ ಬೀಗತಿ? ಯಾಕ ತ್ರಾಸ ತಗೋತೀರಿ? ನಾ ಬಜಾರದಾಗ ಒಂದು ಮೆತ್ತನ್ನ ಕುಲಾಯಿ ತಗೊಂಡು ಇಟ್ಟೇನಿ. ಮ್ಯಾಲ ಮೊಲದ ಕಿವಿ ಅದಾವ.”

“ನಮ್ಮ ತಮ್ಮನ ಕೂಸಿಗೆ ಮೊಲದ ಕಿವಿ ಯಾಕ್ರಿ? ದೇವ್ರು ಕೊಟ್ಟಿದ್ದ ಎರಡು ಇರತಾವಲ್ಲ. ನಾ ಹೆಣದಿದ್ದ ತರ್ತೇನಿ.”

“ಕಡ್ಡಿ ಸರಿ ಇಲ್ಲಂತ ಊರೂರ ತಿರಗಾಕತ್ತೀರಂತ? ಕುಣಿಯಾಕ ಬರ್ಲಾರದಾಕಿ ಅಂಗಳ ಡೊಂಕ ಅಂದ್ಲಂತ.” ಹಿಂಗಂದು ಬೀಗತಿ ಕಿಲಕಿಲ ನಕ್ರು.

ಆ ನಗಿ ನನ್ನ ಎದ್ಯಾಗ ಚುಚ್ಚಿತು. ಖರೆ ಹೇಳ್ಬೇಕಂದ್ರ ಕಣ್ಣಾಗ ನೀರು ಬಂದ್ವು. ಕಟಗಿ ಕಡ್ಡಿ ತಂದ್ರೂ ಮಣಿಕಟ್ಟು ಇನ್ನೂ ನೋಯಾಕತ್ತಿತ್ತು, ಕುಲಾಯಿ ಅರ್ಧಾನೂ ಆಗಿರ್ಲಿಲ್ಲ. ಆದ್ರ ಫೋನಿನಾಗ ಅಳೂದು ಕೇಳಿಸಬಾರದಲ್ಲ. “ಬೀಗತಿ, ಅಂಗಳ ಡೊಂಕಿದ್ರ ಅಂಗಳ ಸಮಾ ಮಾಡಿ ಕುಣಿತೇನ್ರಿ,” ಅಂದು ಫೋನ್ ಇಟ್ನಿ.

ಸಾಹೇಬ್ರ ಗುಟ್ಟು

ಬಸವನ ಬಾಗೇವಾಡಿ ಸ್ಟ್ಯಾಂಡಿನಾಗ ಬಸ್ ನಿಂತಿತ್ತು. ಮಂದಿ ಚಾ ಕುಡಿಯಾಕ ಇಳದಿದ್ರು. ಹೊಸಾ ಕಡ್ಡಿ ಉದ್ದ ಇದ್ವು. ಒಂದು ಕಿಡಿಕಿಗೆ ಬಡಿತಿತ್ತು, ಇನ್ನೊಂದು ಬಾಜೂ ಸೀಟಿನ ತನಕ ಹೋಗ್ತಿತ್ತು. ಅಷ್ಟ್ರಾಗ ಚೆಕಿಂಗ್ ಸಾಹೇಬ್ರು ಹತ್ತಿದ್ರು. ಇಡೀ ಲೈನಿಗೆ ಅವರಂದ್ರ ಅಂಜಿಕಿ. ಮೀಸಿ ನೋಡೇ ಕಂಡಕ್ಟರ್‌ಗೋಳು ಚಿಲ್ಲರ ಎಣಿಸೂದು ಮರೀತಾರ.

“ಡ್ಯೂಟಿ ಮ್ಯಾಲ ಏನಿದು?” ಗುಡುಗಿದ್ರು.

ನಾ ಎದ್ದು ನಿಂತ್ನಿ, ಕಡ್ಡಿ ಮಾತ್ರ ಕೆಳಗಿಡ್ಲಿಲ್ಲ. “ಬಸ್ ನಿಂತೈತ್ರಿ ಸಾಹೇಬ್ರ. ಡ್ರೈವರ್ ನಿದ್ದಿ ಮಾಡಾಕತ್ತಾನ. ಬಾಜೂ ಬಸ್ಸಿನ ಕಂಡಕ್ಟರ್ ಫೋನಿನಾಗ ಸಿನೆಮಾ ನೋಡಾಕತ್ತಾನ. ನಾ ಹೆಣಿಯಾಕತ್ತೇನಿ. ಬರಿಯೂದಿದ್ರ ಮೂರೂ ಮಂದಿ ಹೆಸರು ಬರಕೋರಿ.”

ಡ್ರೈವರ್ ಅಣ್ಣಗ ತಟ್ಟನೆ ಎಚ್ಚರಾತು. ‘ಅಕ್ಕಾ, ನನ್ನ ಯಾಕ ಎಳೀತಿ’ ಅಂತ ಕಣ್ಣಾಗ ಬೇಡ್ಕೊಂಡು ಇಳದು ಓಡಿದ.

ಸಾಹೇಬ್ರು ನನ್ನ ಹೆಣಿಗಿ ದಿಟ್ಟಿಸಿ ನೋಡಿದ್ರು. ಮುಗೀತು, ನನ್ನ ಸಸ್ಪೆಂಡ್ ಮಾಡ್ತಾರ ಅಂದ್ಕೊಂಡ್ನಿ. ಅವರು ಹಿಂದ ಮುಂದ ನೋಡಿ, ಬಾಜೂಕ ಕುಂತು, ಪಿಸಿಪಿಸಿ ಅಂದ್ರು: “ಹಿಂಗ ಹಿಡದ್ರ ಕೈ ನೋಯೂದಿಲ್ಲೇನ್ರಿ? ಉದ್ದ ಕಡ್ಡಿ ಮ್ಯಾಲ ಹೆಣಿಗಿ ಭಾರ ಎಲ್ಲಾ ಮಣಿಕಟ್ಟಿಗೆ ಬೀಳತೈತಿ.”

ಸಾಹೇಬ್ರು ಬ್ಯಾಗಿನಾಗ ಕೈ ಹಾಕಿ ಎರಡು ಗಿಡ್ಡ ಬಿದಿರಿನ ಕಡ್ಡಿ ತಗದ್ರು. ದಪ್ಪವು. ಎರಡಕ್ಕೂ ನಡಕ ಒಂದು ಮೆತ್ತನ್ನ ದಾರ ಜೋಡಿಸಿತ್ತು. “ಹೆಣಿಗಿ ಈ ದಾರದ ಮ್ಯಾಲ ಬಂದು ತೊಡಿ ಮ್ಯಾಲ ಕುಂಡರತೈತಿ. ಕೈಗೆ ಭಾರ ಇಲ್ಲ. ಬಿಗಿ ಹಿಡಿಯೂದೂ ಬ್ಯಾಡ. ನನಗ ಬಿಪಿ ಐತ್ರಿ, ಸಿಟ್ಟು ಕಡಿಮಿ ಮಾಡ್ಕೋರಿ ಅಂದ್ರು ಡಾಕ್ಟರ್. ಜೀಪಿನ ಕಿಡಿಕಿ ಕಾಜ ಏರಿಸಿ ಒಂದೀಟು ಹೆಣಿತೇನಿ. ಇದು ನೀವ ಇಟ್ಕೋರಿ, ನನ್ನ ಹತ್ರ ಇನ್ನೊಂದೈತಿ.”

ಇಳಿಯೂಮುಂದ ಹೊಳ್ಳಿ ಬಂದು ಕೈ ಮುಗದ್ರು. “ಯಾರ ಮುಂದೂ ಹೇಳಬ್ಯಾಡ್ರಿ. ಗೊತ್ತಾದ್ರ ಒಬ್ಬ ಕಂಡಕ್ಟರನೂ ನನಗ ಅಂಜೂದಿಲ್ಲ.”

ಮಾತು ಕೊಟ್ಟೇನಿ. ಅದಕ್ಕ ಈಗೂ ಅವರ ಹೆಸರು ಹೇಳಿಲ್ಲ ನೋಡ್ರಿ.

ತೊಟ್ಟಿಲು

ಬಿದಿರಿನ ಕಡ್ಡಿ ಬಂದ ಮ್ಯಾಲ ಕೈಗೆ ಜೀವ ಬಂತು. ಹಳೀದು ಅರ್ಧ ಆಗಿದ್ದು ಬಿಚ್ಚಿ ಹೊಸದಾಗಿ ಹಿಡದ್ನಿ. ಕಡ್ಡಿ ದಪ್ಪ ಐತಂತ ಉಲನ್ನೂ ಎರಡೆಳಿ ಕೂಡಿಸಿ ಹಾಕಿದ್ನಿ. ಕುಣಿಕಿ ಮಾತ್ರ ರೂಢಿ ಪ್ರಕಾರ ಸಣ್ಣ ಕಡ್ಡಿಗೆ ಎಷ್ಟು ಹಾಕ್ತಿದ್ನೋ ಅಷ್ಟ ಹಾಕಿದ್ನಿ. ಕಡ್ಡಿ ದಪ್ಪಾದ್ರ ಕುಣಿಕಿ ದೊಡ್ಡದಾಗತೈತಿ, ಕುಣಿಕಿ ದೊಡ್ಡದಾದ್ರ ಕುಲಾಯಿ ದೊಡ್ಡದಾಗತೈತಿ. ಇಷ್ಟು ತಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ದಾರದ ಮ್ಯಾಲ ಎಲ್ಲಾ ಮುದ್ದಿಯಾಗಿ ಕುಂಡ್ರತಿತ್ತು, ಅಳತಿ ಕಾಣ್ತಿರ್ಲಿಲ್ಲ. ಡ್ರೈವರ್ ಅಣ್ಣ ಒಮ್ಮೆ “ಅಕ್ಕಾರ, ಇದು ಕೂಸಿಗೋ ಎತ್ತಿಗೋ?” ಅಂದಿದ್ದ. “ನೀ ರೋಡ್ ನೋಡಿ ಹೊಡಿ” ಅಂದು ಬಾಯಿ ಮುಚ್ಚಿಸಿದ್ನಿ. ಕಡೀ ಸಾಲು ಮುಗಿಸಿದ್ದು ತೊಟ್ಟಿಲ ದಿನ ಮುಂಜಾನಿ, ಮುದ್ದೇಬಿಹಾಳದ ಬಸ್ಸಿನಾಗ. ಹಂಗ ಮಡಚಿ ಚೀಲಕ್ಕ ಹಾಕಿದ್ನಿ.

ಹೆಣ್ಣು ಕೂಸು. ಬೆಣ್ಣಿ ಮುದ್ದಿ ಹಂಗ ಇತ್ತು. ಬೀಗತಿ ಆಗಲೇ ಮೊಲದ ಕಿವಿ ಏರಿಸಿಬಿಟ್ಟಿದ್ರು. ಅದು ಬಿಗಿಯಾಗಿ ಕೂಸು ಕೆಂಪಗಾಗಿ ಚೀರಾಕತ್ತಿತ್ತು.

“ತಗೀರಿ ಅದನ್ನ. ಸೋದರತ್ತಿ ಬಂದಾಳ,” ಅಂದು ನಾ ಕುಲಾಯಿ ತಗದು ಝಾಡಿಸಿ ಬಿಚ್ಚಿದ್ನಿ.

ಬಿಚ್ಚಿದ್ನಿ, ಬಿಚ್ಚಿದ್ನಿ, ಇನ್ನೂ ಬಿಚ್ಚಾಕತ್ತಿತ್ತು. ನೀರಿನ ಕೊಡಕ್ಕ ಹಾಕಿದ್ರೂ ಸಡ್ಲಾಗೂವಷ್ಟು ದೊಡ್ಡ ಕುಲಾಯಿ! ಮನಿ ತುಂಬ ಕುಂತ ಹೆಣ್ಮಕ್ಳು ಹೊಟ್ಟಿ ಹಿಡ್ಕೊಂಡು ನಕ್ರು. ಬೀಗತಿ ಸೆರಗು ಬಾಯಿಗೆ ಹಿಡದು, “ಇದು ಕೂಸಿಗೋ, ಕೂಸಿನ ಅಪ್ಪಗೋ?” ಅಂದ್ರು. ನಮ್ಮ ತಮ್ಮ ಬಾಗಲದಾಗ ನಿಂತಾಂವ ನೆಲ ನೋಡಿದ.

ಯಾತನಾ ಪಟ್ಟು ಹೆಣದ ಕುಲಾಯಿ. ನಾಚಿ ಮಡಚಿ ಇಟ್ಟಿದ್ರ ನನ್ನ ಹಕ್ಕು ಅವತ್ತ ಮುಗೀತಿತ್ತು. ನಾ ಇಡ್ಲಿಲ್ಲ. ಕೂಸಿನ ತಲಿಮ್ಯಾಲಿನ ಮೊಲದ ಕಿವಿ ತಗದ್ನಿ. ನನ್ನ ಕುಲಾಯಿ ಬಾಯಿ ಅಗಲಿಸಿ ಇಡೀ ಕೂಸಿನ್ನ ಕಾಲಿಂದ ಅದರಾಗ ಇಳಸಿದ್ನಿ. ಬಗಲ ತನಕ ಬೆಚ್ಚಗ ಕುಂತಿತು. ಕಟ್ಟೂ ದಾರ ಹೆಗಲ ಮ್ಯಾಲ ಗಂಟು ಹಾಕಿದ್ನಿ. ಕೂಸು ಒಮ್ಮೆ ಬಿಕ್ಕಿ, ನನ್ನ ಬೆರಳು ಹಿಡಕೊಂಡು, ಗಪ್ಪ ನಿದ್ದಿ ಹೋತು.

“ಏ, ಇದ್ಯಾವ ಪದ್ಧತಿ?” ಬೀಗತಿ ಕೂಸಿನ್ನ ಹೊರಗ ತಗದ್ರು. ಕೂಸು ಊರು ಕೇಳೂವಂಗ ಚೀರಿತು. ಒಳಗ ಇಟ್ರು. ಸುಮ್ಮನಾತು. ಹೊಳ್ಳಿ ತಗದ್ರು, ಚೀರಿತು. ಬಾಣಂತಿನ ಕಡೀಕ ಅಂದ್ಲು, “ಯವ್ವಾ, ಅದರಾಗ ಇರಲಿ ಬಿಡು. ಹುಟ್ಟಿದಾಗಿಂದ ಇವತ್ತ ಮೊದಲನೇ ಸಲ ಸುಮ್ಮನಾಗೇತಿ.”

ಬೀಗತಿಗೆ ಬ್ಯಾರೆ ಹಾದಿ ಉಳಿಲಿಲ್ಲ. ಆದ್ರೂ ಕಡೀ ಮಾತು ತಮ್ಮದ ಇರಬೇಕಂತ, “ಎಷ್ಟಾದ್ರೂ ಅಳತಿ ತಪ್ಪೈತಲ್ರೀ,” ಅಂದ್ರು.

“ಅಳತಿ ತಪ್ಪಿದ್ದು ನಿಮ್ಮದು, ಬೀಗತಿ. ನಿಮ್ಮ ಮೊಲದ ಕಿವಿ ಬರೂ ತಿಂಗಳಿಗೆ ಆಕಿಗೆ ಸಣ್ಣದಾಗತೈತಿ. ನಂದು ಆಕಿ ಲಗ್ನದ ತನಕ ಬರತೈತಿ!”

ಮನಿ ಹಾರಿ ಹೋಗೂವಂಗ ನಗಿ ಎದ್ದಿತು. ಬೀಗತಿನೂ ನಕ್ರು. ನಾ ಬಗ್ಗಿ ಕೂಸಿನ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಿದ್ನಿ. ಹೆಸರು ಹೇಳೂಮುಂದ ಸೋದರತ್ತಿ ಬೆನ್ನಿಗೆ ಗುದ್ದೂದು ನಮ್ಮ ಕಡಿ ಪದ್ಧತಿ. ಎಲ್ಲಾರೂ ಗುದ್ದಿದ್ರು, ಬೀಗತಿ ಅಂತೂ ಇಷ್ಟು ದಿನದ ಸಿಟ್ಟೆಲ್ಲಾ ಕೂಡಿಸಿ ಗುದ್ದಿದ್ರು. ಸಿಂದಗಿ ಮುಟ್ಟೂ ತನಕ ಸೀಟಿಗೆ ಬೆನ್ನು ಹಚ್ಚಾಕ ಆಗ್ಲಿಲ್ಲ.

ಕೈ ಮಾತ್ರ ಒಂಚೂರೂ ನೋಯಲಿಲ್ಲ.