ಮೀಸೆ ಪಣಕ್ಕಿಟ್ಟು ಆಡಿಸಿದ ನಾಟಕ

ಲಂಡನ್ನಿನಲ್ಲಿ ಕನ್ನಡ ನಾಟಕ ಆಡಿಸುವವನಿಗೆ ಬೇರೆ ಶತ್ರುಗಳು ಬೇಕಿಲ್ಲ. ನಟರೇ ಸಾಕು, ಮಿಕ್ಕಿದ್ದಕ್ಕೆ ಪ್ರೇಕ್ಷಕರಿದ್ದಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ರಂಗನಟನ ಬಾಳನ್ನು ನಾಟಕ ಮಾಡಿದೆ. ಬಾಲ್ಯದಲ್ಲೇ ರಂಗ ಹತ್ತಿದವನು ಮುಪ್ಪಿನಲ್ಲಿ ರಂಗದ ಮೇಲೆಯೇ ಪ್ರಾಣ ಬಿಡುತ್ತಾನೆ. ಹಿಂದಿನ ವರ್ಷ ನನ್ನ ದುಃಖಾಂತ ನಾಟಕಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು. ಈ ಸಲ ರೇಗಿ ಎಲ್ಲರ ಮುಂದೆ, "ಒಬ್ಬರಾದರೂ ಅಳದಿದ್ದರೆ ಈ ಮೀಸೆ ಬೋಳಿಸ್ತೀನಿ" ಎಂದುಬಿಟ್ಟೆ.

ಧಾರವಾಡದವಳಾದ ನನ್ನ ಹೆಂಡತಿ, "ಬ್ಲೇಡ್ ತಂದಿಡ್ಲೇನ್ರಿ?" ಅಂದಳು.

ಸಾಯಲು ಒಲ್ಲೆ

ಆ ನಟನ ಪಾತ್ರಕ್ಕೆ ಸಿಕ್ಕ ನಾಯಕರು ಉಡುಪಿ ಕಡೆಯವರು, ಲಂಡನ್ನಿನದೇ ಹೇಸ್‌ನ ಗೋದಾಮಿನಲ್ಲಿ ಸೂಪರ್‌ವೈಸರ್. ಸಾವಿನ ದೃಶ್ಯ ಓದಿ ಮುಖ ಹುಳ್ಳಗೆ ಮಾಡಿದರು.

"ಎಂತ ಮಾರಾಯ್ರೆ, ಇಷ್ಟು ದೊಡ್ಡ ಆ್ಯಕ್ಟರ್ ಯಾಕೆ ಸಾಯ್ಬೇಕು? ಜಿಪಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?"

"ನಾಟಕದಲ್ಲಿ ಜಿಪಿ ಪಾತ್ರ ಇಲ್ಲ ಸ್ವಾಮೀ!"

ಸ್ವಲ್ಪ ಯೋಚಿಸಿ ಒಪ್ಪಿದರು. "ಹೌದು, ಇದ್ರೂ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಹೇಗೂ ಸಾಯ್ತೇನೆ."

ಬಾಲನಟ

ನಟನ ಬಾಲ್ಯದ ಪಾತ್ರಕ್ಕೆ ಸಿಕ್ಕಿದ್ದು ವೆಂಬ್ಲಿಯಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾಟಕದಲ್ಲಿ ತಾಯಿ "ಮಗನೇ, ರಂಗಕ್ಕೆ ಪ್ರಾಣ ಕೊಡ್ತೀಯಾ?" ಎಂದರೆ "ಕೊಟ್ಟೆನಮ್ಮಾ!" ಎನ್ನಬೇಕು. ಇದೊಂದನ್ನೇ ವಾರಗಟ್ಟಲೆ ಉರು ಹೊಡೆಸಿದ್ದೆ.

ನಾಟಕದ ದಿನ ತಾಯಿ ಗದ್ಗದಳಾಗಿ ಕೇಳಿದಳು. ಹುಡುಗಿ ತಲೆ ಕೆರೆದುಕೊಂಡು, "ಯಾ, ಆಲ್ ರೈಟ್" ಅಂದಳು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಸೈಡ್‌ವಿಂಗಿನಲ್ಲಿ ನಿಂತು ಮೀಸೆ ಮುಟ್ಟಿ ನೋಡಿಕೊಂಡೆ.

ವನ್ಸ್ ಮೋರ್

ಉಳಿದದ್ದು ಸಾವಿನ ದೃಶ್ಯವೊಂದೇ. ಸುಳ್ಳು ಹೇಳಬಾರದು, ನಾಯಕರು ಅದ್ಭುತವಾಗಿ ಸತ್ತರು. ಸಭೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗನ್ನು ಕಣ್ಣಿನತ್ತ ಒಯ್ದರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಅವರ ಪಕ್ಕದಲ್ಲಿದ್ದ ಬಿಜಾಪುರದ ಅಜ್ಜ, ಊರಿನ ಕಂಪನಿ ನಾಟಕಗಳನ್ನು ನೋಡಿ ಬೆಳೆದವರು, ಎದ್ದು ನಿಂತು ಕೂಗಿದರು: "ವನ್ಸ್ ಮೋರ್!"

ಹೆಣ ಎದ್ದಿತು. ಸಭೆಗೆ ಕೈಮುಗಿಯಿತು. ಮೊದಲಿಂದ ಕೆಮ್ಮಿ ಮತ್ತೆ ಸತ್ತಿತು.

"ವನ್ಸ್ ಮೋರ್!"

ಸಾಯಲು ಒಲ್ಲೆ ಅಂದಿದ್ದ ಮಹಾಶಯರಿಗೆ ಈಗ ಸಾವಿನ ರುಚಿ ಹತ್ತಿತ್ತು. ಅಜ್ಜಿಯ ಸೆರಗು ಬಾಯಿಗೆ ಬಂದಿತ್ತು. ನಗು ತಡೆಯಲಾರದೆ ಅಲುಗಾಡುತ್ತಿದ್ದರು. ಹಾಲ್‌ನ ಇಂಗ್ಲಿಷ್ ಕೇರ್‌ಟೇಕರ್ ಬೀಗದ ಕೈ ಕುಣಿಸುತ್ತಾ ಬಂದು, "ಈ ಮನುಷ್ಯ ಸಾಯೋದು ಯಾವಾಗ? ನಾನು ಮನೆಗೆ ಹೋಗಬೇಕು" ಎಂದ.

ಪರದೆಯ ಹಿಂದೆ ಹೋಗಿ ಕುಸಿದು ಕೂತೆ. ಹೆಂಡತಿ ಹುಡುಕಿಕೊಂಡು ಬಂದಳು.

"ಬ್ಲೇಡ್ ಕೊಡು" ಎಂದೆ.

ಅವಳು ನನ್ನ ಕೈಗೆ ಕರವಸ್ತ್ರ ಇಟ್ಟಳು. "ಬ್ಲೇಡ್ ಬ್ಯಾಡ್ರಿ. ಮೊದಲ ಕಣ್ಣು ಒರಸ್ಕೊರ್ರಿ. ಒಬ್ಬರರೆ ಅತ್ರಲ್ಲ, ಮೀಸಿ ಉಳೀತು."